‘ಅರ್ಥ ಗಂಟೆ’ ಅಂದರೆ ಎಷ್ಟು ಹೊತ್ತು? ಒಂದು ಗುಂಡು ಫಾಂಟಿನ ಪ್ರಕರಣ

ಮಕ್ಕಳ ಗ್ರಂಥಾಲಯವೊಂದು ಹೊಸ ಕಟ್ಟಡಕ್ಕೆ ಹೋಗುವಾಗ ಅಲ್ಲಿನ ಅಕ್ಷರಗಳ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಹೆಸರಿನ ಫಲಕ, ಕಪಾಟಿನ ಪಟ್ಟಿಗಳು, ನಿಯಮಗಳ ಬೋರ್ಡು, ಸದಸ್ಯರ ಕಾರ್ಡು, ತಿಂಗಳಿಗೊಮ್ಮೆ ಹೊರಡುವ ನಾಲ್ಕು ಪುಟದ ಪತ್ರಿಕೆ, ಬಾಗಿಲು ಮತ್ತು ಮೆಟ್ಟಿಲ ಬಳಿಯ ಸೂಚನೆಗಳು, ಎಲ್ಲವೂ. ಬರುವವರು 5ರಿಂದ 12 ವರ್ಷದವರು. ಹಾಗಾಗಿ ಮೊದಲ ದಿನವೇ ಒಂದು ಫಾಂಟಿನ ಮೇಲೆ ನನಗೆ ಮನಸ್ಸಾಯಿತು: ದಪ್ಪ, ಗುಂಡು, ತುದಿಗಳೆಲ್ಲ ಉರುಟು, ಸಾಲಿನ ಮೇಲೆ ಒಂದೊಂದು ಅಕ್ಷರ ಒಂದೊಂದು ಕಡೆಗೆ ತುಸು ವಾಲಿ ಕುಣಿಯುವಂಥದ್ದು. ಒಂದೇ ತೂಕದಲ್ಲಿ, ಅಂದರೆ ಗೆರೆಯ ಒಂದೇ ದಪ್ಪದಲ್ಲಿ, ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ದೊಡ್ಡದಾಗಿ ಹಾಕಿ ತೋರಿಸಿದಾಗ ಸಮಿತಿಯವರೆಲ್ಲ ನಕ್ಕರು, ಒಪ್ಪಿದರು. ಎಲ್ಲ ಕಡೆಯೂ ಇದೇ ಇರಲಿ, ಒಂದು ಗುರುತು ಉಳಿಯುತ್ತದೆ ಎಂದು ಹೇಳಿದವನು ನಾನೇ.

ಬಾಗಿಲು ತೆರೆದು ಹತ್ತು ದಿನವಾಗಿತ್ತು. ಗ್ರಂಥಪಾಲಕಿ ಫೋನ್ ಮಾಡಿದರು. ಎಂಟು ವರ್ಷದ ಒಬ್ಬ ಹುಡುಗಿ ನಿಯಮಗಳ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. ಆಮೇಲೆ ಮೇಜಿನ ಹತ್ತಿರ ಬಂದು, “ಅಕ್ಕಾ, ‘ಅರ್ಥ ಗಂಟೆ’ ಅಂದರೆ ಎಷ್ಟು ಹೊತ್ತು?” ಎಂದು ಕೇಳಿದಳಂತೆ. ಬೋರ್ಡಿನಲ್ಲಿ ಇದ್ದದ್ದು ‘ಕಂಪ್ಯೂಟರ್ ಬಳಕೆ: ಅರ್ಧ ಗಂಟೆ’.

“ನೀವೇ ಒಂದು ಸಲ ಬಂದು ನೋಡಿಬಿಡಿ. ಅವಳದ್ದು ತಪ್ಪಲ್ಲ ಅನಿಸುತ್ತದೆ ನನಗೆ,” ಎಂದರು ಅವರು.

ಮರುದಿನ ಹೋಗಿ ಆರು ಅಡಿ ದೂರದಲ್ಲಿ ನಿಂತು ನೋಡಿದೆ. ಅವಳದ್ದು ತಪ್ಪಲ್ಲವೇ ಅಲ್ಲ.

ಅಕ್ಷರದ ಹೊಟ್ಟೆಯೊಳಗೆ

ದ, ಧ, ಥ ಈ ಮೂರನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ. ಮೈ ಒಂದೇ. ಧ ಎಂಬುದಕ್ಕೆ ಕೆಳಗೆ ಒಂದು ಸಣ್ಣ ಸೀಳು. ಥ ಎಂಬುದಕ್ಕೆ ಹೊಟ್ಟೆಯೊಳಗೆ ಒಂದು ಚುಕ್ಕಿ. ಮೂರು ಬೇರೆ ಅಕ್ಷರಗಳಾಗಿ ನಿಂತಿರುವುದು ಅಷ್ಟರಿಂದಲೇ. ಡ–ಢ, ಪ–ಫ ಜೋಡಿಗಳ ಕಥೆಯೂ ಇದೇ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕಿ. ಷ ಎಂಬುದನ್ನು ನಮ್ಮ ಮೇಷ್ಟ್ರುಗಳು ‘ಹೊಟ್ಟೆ ಸೀಳಿದ ಷ’ ಎಂದೇ ಹೇಳಿಕೊಟ್ಟರು. ಆ ಗೆರೆ ಕಾಣದೆ ಹೋದರೆ ಉಳಿಯುವುದು ಪ.

ಅಂದರೆ ಕನ್ನಡದಲ್ಲಿ ಅಕ್ಷರವನ್ನು ಬೇರೆ ಮಾಡುವ ಗುರುತುಗಳಲ್ಲಿ ಬಹಳಷ್ಟು ಅಕ್ಷರದ ಒಳಗೆ ಇಲ್ಲವೆ ತಳದಲ್ಲಿ, ತೀರ ಚಿಕ್ಕದಾಗಿ ಇವೆ. ದಪ್ಪ ಫಾಂಟು ಮೊದಲು ನುಂಗುವ ಜಾಗವೂ ಅದೇ. ಗೆರೆಯನ್ನು ದಪ್ಪ ಮಾಡುತ್ತ ಹೋದರೆ ಅಕ್ಷರ ಹೊರಕ್ಕೆ ಬೆಳೆಯಲು ಹೆಚ್ಚು ಜಾಗವಿರುವುದಿಲ್ಲ, ಪಕ್ಕದ ಅಕ್ಷರ ತಾಗುತ್ತದೆ. ಹಾಗಾಗಿ ಅದು ಒಳಕ್ಕೆ ಬೆಳೆಯುತ್ತದೆ. ಒಳಗಿನ ಬಿಳಿ ಕುಗ್ಗುತ್ತದೆ, ಸೀಳು ಮುಚ್ಚುತ್ತದೆ, ಚುಕ್ಕಿ ಗೋಡೆಗೆ ಅಂಟಿಕೊಳ್ಳುತ್ತದೆ. ನಾನು ಆರಿಸಿದ ಫಾಂಟಿನಲ್ಲಿ ಗೆರೆಯ ದಪ್ಪ ಅಕ್ಷರದ ಎತ್ತರದ ಸುಮಾರು ಕಾಲು ಭಾಗ ಇತ್ತು. ಬೋರ್ಡಿನ ಅಕ್ಷರ ಅರ್ಧ ಅಂಗುಲ, ಹತ್ತಿರಹತ್ತಿರ 12 ಮಿಲಿಮೀಟರ್. ಗೆರೆ 3 ಮಿಲಿಮೀಟರ್. ಸೀಳಿಗೆ ಉಳಿದದ್ದು ಒಂದು ಮಿಲಿಮೀಟರಿಗಿಂತ ಕಡಿಮೆ. ಅದರ ಮೇಲೆ ಹೊಳೆಯುವ ಲ್ಯಾಮಿನೇಷನ್ ಬೇರೆ. ಆರು ಅಡಿಯಿಂದ ಧ ಮತ್ತು ಥ ಎರಡೂ ಸ್ವಲ್ಪ ಕೊಳೆಯಾದ ದ ಹಾಗೆ ಕಾಣುತ್ತಿದ್ದವು.

ಹುಡುಗಿ ಮಾಡಿದ್ದು ಎಲ್ಲ ಓದುಗರೂ ಮಾಡುವ ಕೆಲಸವನ್ನೇ. ‘ಅರ್ದ’ ಎಂಬ ಪದ ಅವಳಿಗೆ ಗೊತ್ತಿಲ್ಲ. ಆ ಆಕಾರಕ್ಕೆ ಹೊಂದುವ, ಗೊತ್ತಿರುವ ಪದವನ್ನು ಹುಡುಕಿದಳು. ‘ಪದಗಳ ಅರ್ಥ’ ಎಂದು ಪಾಠದ ಕೊನೆಯಲ್ಲಿ ದಿನವೂ ನೋಡುವ ಮಗುವಿಗೆ ಮೊದಲು ಸಿಗುವುದು ಅರ್ಥವೇ. ದೊಡ್ಡವರಾಗಿದ್ದರೆ ‘ಗಂಟೆ’ ಎಂಬುದನ್ನು ನೋಡಿ ಹಿಂದಕ್ಕೆ ಹೋಗಿ ಅರ್ಧ ಎಂದು ತಿದ್ದಿಕೊಳ್ಳುತ್ತಾರೆ, ತಿದ್ದಿಕೊಂಡದ್ದು ಅವರಿಗೇ ತಿಳಿಯುವುದಿಲ್ಲ. ಸಮಿತಿಯ ಹನ್ನೊಂದು ಜನರೂ ನಾನೂ ಈ ಬೋರ್ಡನ್ನು ಓದಿ ಒಪ್ಪಿದ್ದು ಹಾಗೆಯೇ. ನಾವು ಅಕ್ಷರವನ್ನು ಓದಲಿಲ್ಲ, ಗೊತ್ತಿದ್ದ ವಾಕ್ಯವನ್ನು ಓದಿದೆವು.

ಮಕ್ಕಳಿಗಾಗಿ ಎಂದು ಆರಿಸಿದ ಅಕ್ಷರ, ಓದಲು ಕಲಿಯುತ್ತಿರುವ ಮಗುವಿಗೇ ಎಲ್ಲರಿಗಿಂತ ಕಷ್ಟ ಕೊಟ್ಟಿತ್ತು ಎಂಬುದು ನನ್ನನ್ನು ಬಹಳ ದಿನ ಕಾಡಿತು. ದ ಬೇರೆ, ಧ ಬೇರೆ ಎಂದು ಶಾಲೆಯಲ್ಲಿ ಈ ವರ್ಷವಷ್ಟೇ ಹೇಳಿಸಿಕೊಂಡ ಮಗುವಿನ ಮುಂದೆ ಆ ಎರಡನ್ನೂ ಒಂದೇ ಮಾಡಿ ತೂಗುಹಾಕಿದ್ದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಲ್ಯಾಟಿನ್ ಲಿಪಿಯಲ್ಲಿ ದಪ್ಪ, ಗುಂಡು ಅಕ್ಷರಗಳಿಗೆ ದೊಡ್ಡ ಪರಂಪರೆಯಿದೆ. ಷಿಕಾಗೋದ ಆಸ್ವಾಲ್ಡ್ ಕೂಪರ್ ರೂಪಿಸಿದ ‘ಕೂಪರ್ ಬ್ಲ್ಯಾಕ್’ 1922ರದು. ಇವತ್ತಿಗೂ ಅಂಗಿಗಳ ಮೇಲೆ, ಡಬ್ಬಗಳ ಮೇಲೆ ಕಾಣುತ್ತದೆ. ಅಲ್ಲಿ ಆಟದ ಭಾವ ಬರುವುದು ಚೂಪು ಮೂಲೆಗಳನ್ನು ಉರುಟು ಮಾಡುವುದರಿಂದ. ಕನ್ನಡ ಮೊದಲೇ ಉರುಟು. ಉರುಟು ಮಾಡಲು ನಮ್ಮಲ್ಲಿ ಉಳಿದಿರುವ ಮೂಲೆ ತಲೆಕಟ್ಟಿನದ್ದು ಮಾತ್ರ. ಆದ್ದರಿಂದ ಆ ರೂಪವನ್ನು ಕನ್ನಡಕ್ಕೆ ತರುವವರಿಗೆ ಉಳಿಯುವ ದಾರಿ ಗೆರೆಯನ್ನು ಇನ್ನಷ್ಟು ದಪ್ಪ ಮಾಡುವುದು, ಅಕ್ಷರವನ್ನು ವಾಲಿಸುವುದು. ದಪ್ಪದ ದಾರಿ ಹಿಡಿದರೆ ಹೊಟ್ಟೆ ಮುಚ್ಚುತ್ತದೆ. ಒಳ್ಳೆಯ ರೂಪಕಾರರು ಇದನ್ನು ಬಲ್ಲರು. ಸೀಳಿನ ಹತ್ತಿರ ಗೆರೆಯನ್ನು ಬೇಕೆಂದೇ ಸಣ್ಣ ಮಾಡಿರುತ್ತಾರೆ, ಚುಕ್ಕಿಯ ಸುತ್ತ ಬಿಳಿಯನ್ನು ಹೋರಾಡಿ ಉಳಿಸಿರುತ್ತಾರೆ. ಆದರೆ ಅವರು ಉಳಿಸಿದ್ದು ಒಂದು ಗಾತ್ರಕ್ಕೆ, ದೊಡ್ಡ ಗಾತ್ರಕ್ಕೆ. ಅದನ್ನು ಅರ್ಧ ಅಂಗುಲಕ್ಕೆ ಇಳಿಸಿದ್ದು ನಾನು.

ಒತ್ತಿನ ಲೆಕ್ಕ

ಫಲಕ ಮಾಡುವವರಲ್ಲಿ ಹಳೆಯ ಲೆಕ್ಕವೊಂದಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲದ ಅಕ್ಷರ. ಆರಾಮಾಗಿ ಓದಲು ಇದು ಸಾಕು. ಆದರೆ ಈ ಲೆಕ್ಕ ಲ್ಯಾಟಿನ್ನಿನ ದೊಡ್ಡಕ್ಷರಗಳನ್ನು ಅಳೆದು ಹುಟ್ಟಿದ್ದು. ಕನ್ನಡದಲ್ಲಿ ‘ಅಕ್ಷರದ ಎತ್ತರ’ ಎಂದರೆ ಯಾವುದರ ಎತ್ತರ? ಮೇಲಿನ ಅಕ್ಷರದ್ದೋ, ಅದರ ಕೆಳಗೆ ಕುಳಿತ ಒತ್ತಿನದ್ದೋ?

ಹೆಸರಿನ ಫಲಕದಲ್ಲಿ ‘ಮಕ್ಕಳ ಪುಸ್ತಕ ಭಂಡಾರ’ ಎಂದಿತ್ತು. ಫಲಕ 16 ಅಡಿ ಉದ್ದ, ಅಕ್ಷರ 12 ಅಂಗುಲ. ಲೆಕ್ಕದಂತೆ 120 ಅಡಿ ದೂರದಿಂದ ಓದಬಹುದು. ಆದರೆ ‘ಕ’ಕ್ಕೆ ಕೊಟ್ಟ ಕ ಒತ್ತು, ‘ಸ’ಕ್ಕೆ ಕೊಟ್ಟ ತ ಒತ್ತು ಎರಡೂ 5 ಅಂಗುಲ. ಅವು ಓದಲು ಸಿಗುವುದು 50 ಅಡಿಯೊಳಗೆ. ರಸ್ತೆಯ ಆಚೆ ಬದಿ 45 ಅಡಿ ದೂರದಲ್ಲಿತ್ತು, ಹಾಗಾಗಿ ಬಚಾವಾದೆವು. ಅದು ನಾನು ಮೊದಲೇ ಮಾಡಿದ ಲೆಕ್ಕವಲ್ಲ, ಅದೃಷ್ಟ. ನಿಯಮಗಳ ಬೋರ್ಡಿನಲ್ಲಿ ಆ ಅದೃಷ್ಟ ಇರಲಿಲ್ಲ. ಅರ್ಧ ಅಂಗುಲದ ಅಕ್ಷರಕ್ಕೆ ಕಾಲು ಅಂಗುಲದ ಒತ್ತು, ಅಂದರೆ ಎರಡೂವರೆ ಅಡಿ. ಬೋರ್ಡಿನ ಮುಂದೆ ಒಂದು ಬೆಂಚು ಇದ್ದು, ಯಾರೂ ಅಷ್ಟು ಹತ್ತಿರ ನಿಲ್ಲುವಂತೆಯೇ ಇರಲಿಲ್ಲ.

ದಪ್ಪ ಫಾಂಟಿನಲ್ಲಿ ಒತ್ತಿಗೆ ಇನ್ನೊಂದು ಸಂಕಟ. ಒತ್ತು ಚಿಕ್ಕದು, ಆದರೆ ಮೇಲಿನ ಅಕ್ಷರದ ಪಕ್ಕ ಬಡಕಲಾಗಿ ಕಾಣಬಾರದೆಂದು ಅದರ ಗೆರೆಯನ್ನೂ ಹೆಚ್ಚುಕಡಿಮೆ ಅಷ್ಟೇ ದಪ್ಪ ಇಟ್ಟಿರುತ್ತಾರೆ. ಅರ್ಧ ಎತ್ತರದಲ್ಲಿ ಅದೇ ದಪ್ಪ! ‘ರಾಷ್ಟ್ರ’, ‘ಸ್ತ್ರೀ’ ಇಂಥವುಗಳಲ್ಲಿ ಎರಡೆರಡು ಒತ್ತು ಸೇರಿದಾಗ ಅಕ್ಷರದ ಕೆಳಗೆ ಒಂದು ಗಂಟು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅರ್ಕಾವೊತ್ತು ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುತ್ತದೆ, ಅದು ಚೆನ್ನ. ಆದರೆ ಗುಂಡು ಫಾಂಟಿನಲ್ಲಿ ಅದಕ್ಕೂ ಕನ್ನಡದ ಒಂಬತ್ತಕ್ಕೂ ವ್ಯತ್ಯಾಸ ಹುಡುಕಬೇಕು.

ಸಾಲಿನ ಅಂತರದಲ್ಲೂ ಎಡವಿದ್ದೆ. ಇಂಗ್ಲಿಷ್ ಪೋಸ್ಟರುಗಳಲ್ಲಿ ದಪ್ಪ ಅಕ್ಷರದ ಎರಡು ಸಾಲುಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತಾರೆ, ಇಟ್ಟಿಗೆ ಜೋಡಿಸಿದ ಹಾಗೆ ಚೆಂದ ಕಾಣುತ್ತದೆ. ಪತ್ರಿಕೆಯ ಮುಖಪುಟಕ್ಕೆ ನಾನು ಅದನ್ನೇ ಮಾಡಲು ಹೋದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯಿತು. ಕನ್ನಡದ ದಪ್ಪ ಶೀರ್ಷಿಕೆ ಒಂದೇ ಸಾಲಿನಲ್ಲಿದ್ದರೆ ಒಳ್ಳೆಯದು. ಎರಡು ಸಾಲು ಬೇಕೇಬೇಕೆಂದರೆ, ಒತ್ತು ಎಲ್ಲಿ ಇಳಿಯುತ್ತದೆ ಎಂದು ನೋಡಿ ಸಾಲನ್ನು ಬೇರೆ ಕಡೆ ಒಡೆಯಬೇಕು.

ಉಳಿದ ಕೆಲವು ಎಡವಟ್ಟುಗಳು

ಕಪಾಟಿನ ಪಟ್ಟಿಗಳನ್ನು ಬಣ್ಣದ ಸ್ಟಿಕರ್ ಹಾಳೆಯಲ್ಲಿ ಕಟಿಂಗ್ ಮಾಡಿಸಿದ್ದೆವು, ಎರಡಂಗುಲದ ಅಕ್ಷರ. ಯಂತ್ರ ಸರಿಯಾಗಿಯೇ ಕತ್ತರಿಸಿತ್ತು. ಕತ್ತರಿಸಿದ ಮೇಲೆ ಬೇಡದ ಭಾಗವನ್ನು ಕೈಯಿಂದ ಎಬ್ಬಿಸಿ ತೆಗೆಯಬೇಕು. ಥ ಹೊಟ್ಟೆಯೊಳಗಿನ ಚುಕ್ಕಿ ನಾಲ್ಕು ಮಿಲಿಮೀಟರಿನ ಒಂಟಿ ದ್ವೀಪ, ಸುತ್ತಲಿನ ಕಸದ ಜೊತೆಗೆ ಅದೂ ಎದ್ದು ಬಂದಿತ್ತು. ‘ಕಥೆ’ ಎಂಬ ಪಟ್ಟಿ ಆರು ಕಪಾಟುಗಳ ಮೇಲಿತ್ತು. ಎರಡರಲ್ಲಿ ಅದು ‘ಕದೆ’ ಆಗಿತ್ತು. ಅಂಟಿಸಿದವರನ್ನು ದೂರುವಂತಿಲ್ಲ. ಅಷ್ಟು ಚಿಕ್ಕ ದ್ವೀಪವಿರುವ ಅಕ್ಷರವನ್ನು ಆ ವಿಧಾನಕ್ಕೆ ಕೊಟ್ಟಿದ್ದೇ ತಪ್ಪು. ಹಾಗೆಯೇ ಹಲಗೆಯಲ್ಲಿ ಅಕ್ಷರ ಕೊರೆಸುವವರೂ ನೆನಪಿಡಬೇಕು: ಕೊರೆಯುವ ಬಿಟ್ 3 ಮಿಲಿಮೀಟರಿನದಾದರೆ ಅದಕ್ಕಿಂತ ಕಿರಿದಾದ ಸೀಳನ್ನು ಅದು ಕೊರೆಯಲಾರದು, ಸುಮ್ಮನೆ ದಾಟಿ ಹೋಗುತ್ತದೆ.

ಪತ್ರಿಕೆಯನ್ನು ಪುಟ ಕಟ್ಟಿದ ಹುಡುಗ ಶೀರ್ಷಿಕೆ ಎದ್ದು ಕಾಣಲೆಂದು ಬೋಲ್ಡ್ ಒತ್ತಿದ್ದ. ಒಂದೇ ತೂಕದ ಫಾಂಟಿಗೆ ಬೋಲ್ಡ್ ಎಂಬುದೇ ಇಲ್ಲ. ತಂತ್ರಾಂಶ ತಾನೇ ಗೆರೆಯ ಸುತ್ತ ಮಸಿ ಬಳಿದು ದಪ್ಪ ಮಾಡಿಕೊಡುತ್ತದೆ. ಅಳಿದುಳಿದ ಬಿಳಿಯೂ ಹೋಯಿತು. ಅಕ್ಷರಕ್ಕೆ ಅಂಚುಗೆರೆ ಹಾಕುವವರಿಗೂ ಇದೇ ಮಾತು: ಗೆರೆಯ ಅರ್ಧ ಹೊರಗೆ, ಅರ್ಧ ಒಳಗೆ ಹೋಗುವಂತೆ ಬಿಟ್ಟರೆ ಒಳಗಿನ ಅರ್ಧ ಹೊಟ್ಟೆಯನ್ನು ತಿನ್ನುತ್ತದೆ.

ಬಣ್ಣದ ಮಾತೂ ಬಂತು. ಸದಸ್ಯರ ಕಾರ್ಡಿನಲ್ಲಿ ಬಿಳಿಯ ಮೇಲೆ ಹಳದಿ ಅಕ್ಷರ ಇಟ್ಟಿದ್ದೆ, ದಪ್ಪ ಅಕ್ಷರಕ್ಕೆ ಯಾವ ಬಣ್ಣವೂ ನಡೆಯುತ್ತದೆ ಎಂಬ ಧೈರ್ಯದಿಂದ. ಜಾಲದಲ್ಲಿ ಎಲ್ಲರಿಗೂ ಓದಲು ಸಿಗಬೇಕೆಂದು ಮಾಡಿರುವ ಮಾನದಂಡಗಳು ದೊಡ್ಡ ಅಕ್ಷರಕ್ಕೆ ಕನಿಷ್ಠ 3:1, ಸಾಮಾನ್ಯ ಅಕ್ಷರಕ್ಕೆ 4.5:1 ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ) ಕೇಳುತ್ತವೆ. 18 ಪಾಯಿಂಟ್, ಇಲ್ಲವೆ ಬೋಲ್ಡ್ ಆದರೆ 14 ಪಾಯಿಂಟ್, ಅಲ್ಲಿಂದ ಮೇಲಕ್ಕೆ ದೊಡ್ಡದು. ಮುದ್ರಿತ ಕಾರ್ಡಿಗೂ ಅದು ಒಳ್ಳೆಯ ಅಳತೆಗೋಲು. ಅಳೆದಾಗ ನಮ್ಮದು 2:1 ಕೂಡ ಮುಟ್ಟಲಿಲ್ಲ.

ಯಾರ ದನಿ

ಇವೆಲ್ಲ ಅಳತೆಯ ತಪ್ಪುಗಳು. ಅಳತೆಯನ್ನು ತಿದ್ದಬಹುದು. ನನ್ನ ಮನಸ್ಸನ್ನು ಹೆಚ್ಚು ಚುಚ್ಚಿದ್ದು ಬೇರೆ.

ಗ್ರಂಥಾಲಯದಲ್ಲಿ ಹಿಂದೆ ಬಹಳ ವರ್ಷ ದುಡಿದಿದ್ದ ಹಿರಿಯರೊಬ್ಬರು ತೀರಿಕೊಂಡರು. ಬಾಗಿಲಿನ ಹತ್ತಿರ ಸೂಚನೆ ಹಾಕಬೇಕಿತ್ತು. ಕಂಪ್ಯೂಟರಿನಲ್ಲಿ ಸಿದ್ಧವಿದ್ದ ನಮೂನೆ ಒಂದೇ, ನಾನು ಮಾಡಿಕೊಟ್ಟದ್ದು. ಹಾಗಾಗಿ ಅವರ ಹೆಸರು, ಜನನ ಮತ್ತು ಮರಣದ ವರ್ಷ, ‘ಭಾವಪೂರ್ಣ ಶ್ರದ್ಧಾಂಜಲಿ’, ಎಲ್ಲವೂ ಕುಣಿಯುವ ಕಿತ್ತಳೆ ಅಕ್ಷರದಲ್ಲಿ ಬಂದಿತ್ತು. ನಾನು ಬೋರ್ಡು ನೋಡಲು ಹೋದ ದಿನವೂ ಅದು ಅಲ್ಲೇ ಇತ್ತು. ಯಾರೂ ಏನೂ ಅಂದಿರಲಿಲ್ಲ. ಅವರ ಮಗ ಬಂದು ಆ ಸೂಚನೆಯ ಮುಂದೆ ನಿಂತು ಹೋಗಿದ್ದರು ಎಂದು ಆಮೇಲೆ ಗೊತ್ತಾಯಿತು.

‘ಕಾಮಿಕ್ ಸ್ಯಾನ್ಸ್’ ಎಂಬ ಫಾಂಟು ಹುಟ್ಟಿದ ಕಥೆಯನ್ನು ಅಕ್ಷರದ ಕೆಲಸ ಮಾಡುವವರೆಲ್ಲ ಕೇಳಿರುತ್ತಾರೆ. ಮೈಕ್ರೋಸಾಫ್ಟಿನ ಒಂದು ತಂತ್ರಾಂಶದಲ್ಲಿ ಕಾರ್ಟೂನು ನಾಯಿಯೊಂದು ಟೈಮ್ಸ್ ನ್ಯೂ ರೋಮನ್ ಅಕ್ಷರಗಳಲ್ಲಿ ಮಾತಾಡುತ್ತಿತ್ತು. ವಿನ್ಸೆಂಟ್ ಕೊನಾರ್ ಅವರಿಗೆ ಅದು ಒಪ್ಪಲಿಲ್ಲ. ನಾಯಿಯ ಬಾಯಿಗೆ ತಕ್ಕ ಅಕ್ಷರ ಬೇಕೆಂದು 1994ರಲ್ಲಿ ಅದನ್ನು ರೂಪಿಸಿದರು. ಅದು ಒಬ್ಬ ಪಾತ್ರಕ್ಕಾಗಿ ಮಾಡಿದ ದನಿ. ಆಮೇಲೆ ಜನ ಅದನ್ನು ಎಲ್ಲ ಬಾಯಿಗೂ ಕೊಟ್ಟರು. 2012ರ ಜುಲೈ 4ರಂದು ಹಿಗ್ಸ್ ಕಣದ ಸುದ್ದಿಯನ್ನು ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಸಂಸ್ಥೆ ಪ್ರಕಟಿಸಿದಾಗ ವಿಜ್ಞಾನಿ ಫ್ಯಾಬಿಯೋಲಾ ಜಿಯಾನೊಟ್ಟಿ ಅವರ ಸ್ಲೈಡುಗಳು ಅದೇ ಅಕ್ಷರದಲ್ಲಿದ್ದವು, ಅಂಥ ದೊಡ್ಡ ದಿನದಲ್ಲೂ ಜನ ಫಾಂಟಿನ ಬಗ್ಗೆ ಮಾತಾಡಿದರು. ಶೋಧನೆಯ ಹಿರಿಮೆಗೆ ಅದರಿಂದ ಕೂದಲಷ್ಟೂ ಕುಂದಿಲ್ಲ. ಆದರೆ ಮಾತಿಗೂ ದನಿಗೂ ಹೊಂದಿಕೆ ತಪ್ಪಿದರೆ ಕೇಳುವವರ ಗಮನ ದನಿಯ ಕಡೆ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಾನು ಮಾಡಿದ್ದೂ ಅದನ್ನೇ. ಗ್ರಂಥಾಲಯಕ್ಕೆ ಒಂದೇ ದನಿ ಕೊಟ್ಟೆ, ನಗುವ ದನಿ. ಮಕ್ಕಳನ್ನು ಬನ್ನಿ ಎಂದು ಕರೆಯುವಾಗ ಅದು ಸರಿ. ಬೆಂಕಿ ಬಿದ್ದಾಗ ಹೊರಗೆ ಹೋಗುವ ಬಾಗಿಲು ತೋರಿಸಲು, ದಂಡದ ಮೊತ್ತ ತಿಳಿಸಲು, ಒಬ್ಬರನ್ನು ನೆನೆಯಲು ಆ ದನಿ ಬೇಡ.

ಏನು ಉಳಿಯಿತು, ಏನು ಹೋಯಿತು

ಶ್ರದ್ಧಾಂಜಲಿಯ ಸೂಚನೆಯನ್ನು ಅಂದೇ ತೆಗೆದು, ಸಾದಾ ಅಕ್ಷರದಲ್ಲಿ, ಕಪ್ಪು ಮಸಿಯಲ್ಲಿ ಮತ್ತೆ ಮಾಡಿದೆವು. ತುರ್ತು ಬಾಗಿಲಿಗೆ ಓಡುವ ಮನುಷ್ಯನ ಹಸಿರು ಚಿತ್ರ, ಅದರ ಪಕ್ಕ ಸಾದಾ ಅಕ್ಷರ. ಇಲ್ಲಿ ಗುರುತು, ಸೊಗಸು ಯಾವುದರ ಚರ್ಚೆಯೂ ಇಲ್ಲ.

ನಿಯಮಗಳ ಬೋರ್ಡಿಗೆ ನೋಟೊ ಸ್ಯಾನ್ಸ್ ಕನ್ನಡ ಎಂಬ ಸಾದಾ ಫಾಂಟು ಬಂತು, ಮಧ್ಯಮ ತೂಕ, ಒಂದಂಗುಲದ ಅಕ್ಷರ. ಬೋರ್ಡಿನಲ್ಲಿ ಹದಿನಾಲ್ಕು ನಿಯಮ ಹಿಡಿಯಲಿಲ್ಲ. ಗ್ರಂಥಪಾಲಕಿ ಕುಳಿತು ಅವನ್ನು ಏಳಕ್ಕೆ ಇಳಿಸಿದರು. ಉಳಿದ ಏಳು ಯಾರಿಗೂ ಬೇಕಿರಲಿಲ್ಲ ಎಂದರು. ಬೋರ್ಡಿನ ತಲೆಯ ಮೇಲೆ ‘ನಮ್ಮ ಮಾತು’ ಎಂಬೆರಡು ಪದ ಮಾತ್ರ ಹಳೆಯ ಗುಂಡು ಅಕ್ಷರದಲ್ಲಿ, ನಾಲ್ಕಂಗುಲ ಎತ್ತರದಲ್ಲಿ ಉಳಿದವು.

ಪತ್ರಿಕೆಯದ್ದು ನಡುವಿನ ಗಾತ್ರ. ಶೀರ್ಷಿಕೆ ಪೂರ್ತಿ ಸಾದಾ ಆದರೆ ಶಾಲೆಯ ಸುತ್ತೋಲೆಯಂತೆ ಕಾಣುತ್ತದೆ, ಗುಂಡು ಫಾಂಟು ಅಷ್ಟು ಚಿಕ್ಕದಾಗಿ ನಿಲ್ಲುವುದಿಲ್ಲ. ಇಂಥ ಕಡೆಗೆ ಹಲವು ತೂಕಗಳಿರುವ ಫಾಂಟು ಕುಟುಂಬ ಬೇಕು. ಫಾಂಟು ರೂಪಿಸುವ ಏಕ್ ಟೈಪ್ ತಂಡದ ‘ಬಲೂ ತಮ್ಮ 2’ ಹಾಕಿ ನೋಡಿದೆವು. ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ, 400ರಿಂದ 800ರವರೆಗೆ ಐದು ತೂಕಗಳಿವೆ, ಅಂಕಿ ಏರಿದಂತೆ ಗೆರೆ ದಪ್ಪ. 800 ಪೂರ್ತಿ ಗುಂಡು. 500ಕ್ಕೆ ಇಳಿದರೂ ಆ ಸ್ನೇಹದ ಮುಖ ಉಳಿಯುತ್ತದೆ, ಹೊಟ್ಟೆಗಳು ತೆರೆದುಕೊಳ್ಳುತ್ತವೆ. ಲೇಖನಗಳ ಶೀರ್ಷಿಕೆಗೆ ಅದನ್ನೇ ಇಟ್ಟೆವು. (ಆ ಕುಟುಂಬದ ಹೆಸರುಗಳು ನನಗೆ ಬಹಳ ಇಷ್ಟ. ಕನ್ನಡಕ್ಕೆ ತಮ್ಮ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ, ಮಲಯಾಳಕ್ಕೆ ಚೇಟ್ಟನ್. ಈ ನಾಲ್ಕು ಲಿಪಿಗಳೂ ಮನೆಯ ಅಣ್ಣತಮ್ಮಂದಿರ ಹೆಸರು ಹೊತ್ತಿವೆ.)

ಕಪಾಟಿನ ಪಟ್ಟಿಗಳ ಬಗ್ಗೆ ನಾವು ಒಂದು ಸಂಜೆ ಇಡೀ ಮಾತಾಡಿದೆವು. ಗುಂಡು ಅಕ್ಷರ ಅಲ್ಲಿ ನಿಜಕ್ಕೂ ಚೆನ್ನಾಗಿತ್ತು. ಆಟ, ಗಣಿತ, ಕವಿತೆ ಇವೆಲ್ಲ ಕೋಣೆಯ ಆಚೆಯಿಂದಲೇ ಕೂಗಿ ಕರೆಯುತ್ತಿದ್ದವು. ತೊಡಕಿದ್ದದ್ದು ‘ಪ್ರಾಣಿ ಪ್ರಪಂಚ’, ‘ಬಾಹ್ಯಾಕಾಶ’, ‘ವಿಜ್ಞಾನ’, ‘ಕಥೆ’ ಇಂಥವುಗಳಲ್ಲಿ. ಪದವನ್ನೇ ಬದಲಿಸಿದರೆ ಹೇಗೆ ಎಂದು ಒಬ್ಬರು ಕೇಳಿದರು. ಫಾಂಟಿನ ಅನುಕೂಲಕ್ಕೆ ಭಾಷೆಯನ್ನು ಕತ್ತರಿಸುವುದೇ ಎಂದು ನಾನು ಮೊದಲು ತಡೆದೆ. ಮಾತು ಮುಂದುವರಿದಂತೆ ‘ಬಾಹ್ಯಾಕಾಶ’ದ ಬದಲು ‘ಸೂರ್ಯ ಚಂದ್ರ ತಾರೆ’ ಎಂದಾಗಲಿ ಎಂಬ ಸಲಹೆ ಬಂತು. ಒತ್ತಿನ ಕಣ್ಣಿಂದ ನೋಡಿದರೆ ಅದರಿಂದ ಏನೂ ಲಾಭವಿಲ್ಲ, ಆದರೆ ಐದು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಅದನ್ನೇ ಇಟ್ಟೆವು. ‘ಪ್ರಾಣಿ ಪ್ರಪಂಚ’ ಬರೀ ‘ಪ್ರಾಣಿಗಳು’ ಆಯಿತು, ಹೇಗೂ ಪ್ರಪಂಚ ಎಂಬುದು ಅಲ್ಲಿ ಹೆಚ್ಚಿನ ಮಾತಾಗಿತ್ತು. ‘ವಿಜ್ಞಾನ’ವನ್ನು ಮುಟ್ಟಲಿಲ್ಲ, ಪಟ್ಟಿಯನ್ನು ದೊಡ್ಡದು ಮಾಡಿದೆವು. ‘ಕಥೆ’ ಕತ್ತರಿಸಿ ಅಂಟಿಸುವ ಬದಲು ಹಾಳೆಯ ಮೇಲೆ ಮುದ್ರಿಸಿ ಅಂಟಿಸಿದೆವು, ಚುಕ್ಕಿ ಈಗ ಎಲ್ಲಿಗೂ ಹೋಗುವುದಿಲ್ಲ.

ಹೆಸರಿನ ಫಲಕ ಇದ್ದಂತೆಯೇ ಇದೆ. ‘ಭಂಡಾರ’ದ ಭ ಎಂಬುದರ ಸೀಳನ್ನು ಮಾತ್ರ 5 ಮಿಲಿಮೀಟರಿನಿಂದ 9ಕ್ಕೆ ಅಗಲ ಮಾಡಿಸಿದೆ. ರಾತ್ರಿ ಒಳಗಿನಿಂದ ದೀಪ ಹೊತ್ತಿದಾಗ ಅಂಚಿನ ಬೆಳಕು ಹರಡಿ ಸೀಳು ಮುಚ್ಚಿಹೋಗುತ್ತಿತ್ತು. ಹಗಲಲ್ಲಿ ಸೀಳು ತುಸು ಹೆಚ್ಚೇ ಅಗಲ ಅನಿಸುತ್ತದೆ, ರಾತ್ರಿ ಸರಿಯಾಗಿ ಕಾಣುತ್ತದೆ.

ಗ್ರಂಥಾಲಯದ ಮೊಬೈಲ್ ಪುಟವೊಂದು ಬಾಕಿ ಇದೆ. ಅಲ್ಲಿನ ಗುಂಡಿಗಳ ಮೇಲಿನ ಅಕ್ಷರ 16 ಪಿಕ್ಸೆಲ್, ಗುಂಡು ಫಾಂಟಿನ ಗೆರೆಯೇ 4 ಪಿಕ್ಸೆಲ್, ಸೀಳಿಗೆ ಒಂದು ಪಿಕ್ಸೆಲ್ಲೂ ಉಳಿಯುವುದಿಲ್ಲ. ಅದು ಬದಲಾಗಬೇಕು.

ಈಗ ನನ್ನ ಮೇಜಿನ ಎದುರಿನ ಗೋಡೆಯ ಮೇಲೆ ಒಂದು ಹಾಳೆ ಇದೆ. ಯಾವ ದಪ್ಪ ಫಾಂಟು ಬಂದರೂ ಮೊದಲು ಅದರಲ್ಲಿರುವ ಪದಗಳನ್ನು, ನಿಜವಾಗಿ ಬಳಸುವ ಗಾತ್ರದಲ್ಲಿ ಮುದ್ರಿಸಿ, ನಿಜವಾಗಿ ನೋಡುವ ದೂರದಲ್ಲಿ ಅಂಟಿಸುತ್ತೇನೆ: ಅರ್ಥ, ಅರ್ಧ, ಪಾಠ, ವಿಷಯ, ಫಲಕ, ಢಂಗುರ, ಜ್ಞಾನ, ರಾಷ್ಟ್ರ, ಸ್ತ್ರೀ, ಭಂಡಾರ. ವಾಕ್ಯ ಬರೆಯುವುದಿಲ್ಲ, ಯಾಕೆಂದರೆ ವಾಕ್ಯವಿದ್ದರೆ ದೊಡ್ಡವರು ಊಹಿಸಿ ಓದಿಬಿಡುತ್ತಾರೆ. ಓದಲು ಮನೆಯ ಪಕ್ಕದ, ಎರಡನೇ ತರಗತಿಯ ಹುಡುಗನನ್ನು ಕರೆಯುತ್ತೇನೆ. ಕಳೆದ ವಾರ ಅವನು ‘ಪಾಠ’ವನ್ನು ‘ಪಾರ’ ಎಂದು ಓದಿದ. ಆ ಫಾಂಟನ್ನು ಹೆಸರಿನ ಫಲಕಗಳ ಕಡತಕ್ಕೆ ಸೇರಿಸಿಟ್ಟೆ.